ಗೋರಿಯ ಬೀಗದ ಕೈ, ಕೊಟ್ಟಿಗೆಯ ಕಿಂಡಿ

ಗುರ್ನಾ
28 ಸೆಪ್ಟೆಂಬರ್ 1980

ಹಮ್ದಾನನ ಅಪ್ಪನಿಗೆ ಫಹೀಮಾಳ ಸಲಾಂ.

ಈ ಕಾಗದವನ್ನು ಲಾರಿ ಡ್ರೈವರ್ ನೂಬಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ನಾಳೆ ಬೆಳಿಗ್ಗೆ ಸಿಮೆಂಟು ತರಲು ಸಫಾಗಾ ಬಂದರಿಗೆ ಬರುತ್ತಾನೆ. ನಿಮ್ಮ ಹಜ್ ಹಡಗು ಹೊರಡುವುದರೊಳಗೆ ಹೇಗಾದರೂ ಹುಡುಕಿ ಕೊಡಪ್ಪಾ ಎಂದು ಕೈ ಮುಗಿದು ಹೇಳಿದ್ದೇನೆ.

ಓದಿದ ತಕ್ಷಣ ನಿಮ್ಮ ಕೊರಳಿಗೆ ಕೈ ಹಾಕಿ ನೋಡಿ. ಏನು ಸಿಕ್ಕಿತು? ನಮ್ಮ ಮನೆಯ ಕೆಳಗಿನ ಆ ಪುರಾತನ ಗೋರಿಯ ಬೀಗದ ಕೈ! ಮೂವತ್ತು ವರ್ಷ ಅದನ್ನು ತಾಯಿತದ ಹಾಗೆ ಕಟ್ಟಿಕೊಂಡು ಓಡಾಡಿದ್ದೀರಿ, ಸ್ನಾನ ಮಾಡುವಾಗಲೂ ಬಿಚ್ಚಿದವರಲ್ಲ. ಊರಿಗೆ ಊರೇ ಡೋಲು ಬಡಿದು ನಿಮ್ಮನ್ನು ಬಸ್ ಹತ್ತಿಸಿತು. ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ನನಗೂ ಹೊಳೆಯಲಿಲ್ಲ ಎನ್ನಿ. ಇದ್ದ ಇನ್ನೊಂದು ಬೀಗದ ಕೈ ನಿಮ್ಮ ಅಪ್ಪನ ಕಾಲದಲ್ಲೇ ಬಾವಿಗೆ ಬಿತ್ತು.

ಹೊಸ ಇನ್ಸ್‌ಪೆಕ್ಟರ್ ವಗೀಹ್ ಸಾಹೇಬರು ಅಕ್ಟೋಬರ್ ಇಪ್ಪತ್ತೈದಕ್ಕೆ ತಪಾಸಣೆಗೆ ಬರುತ್ತಾರಂತೆ. ಅವತ್ತು ಕಬ್ಬಿಣದ ಬಾಗಿಲು ತೆರೆಯದಿದ್ದರೆ ನಿಮ್ಮ ಕಾವಲಿನ ಕೆಲಸ ಹೋಯಿತು. ಒಳಗೆ ಹೋಗಲು ಬೇರೆ ದಾರಿ ಇದೆ ಎಂದು ಗೊತ್ತಾದರೆ ಮನೆಯೇ ಹೋಯಿತು. ಮನೆಯೊಳಗಿನಿಂದ ಗೋರಿಗೆ ಕಿಂಡಿ ಇಟ್ಟುಕೊಂಡವರನ್ನೆಲ್ಲ ಬೆಟ್ಟದಿಂದ ಇಳಿಸಿ ಬಯಲಿನ ಸಿಮೆಂಟು ಗೂಡುಗಳಿಗೆ ತುಂಬುತ್ತಿದ್ದಾರೆ. ನಮ್ಮಲ್ಲಿ ಕಿಂಡಿ ಇಲ್ಲವೇ ಇಲ್ಲ ಎಂದು ನಿಮ್ಮ ಅಪ್ಪ ಸರ್ಕಾರಕ್ಕೆ ಹೇಳಿ ಹೋಗಿದ್ದಾರೆ. ಕತ್ತೆಯ ಗೋದಲಿಯ ಹಿಂದೆ ಏನಿದೆ ಎಂಬುದು ನಮಗೆ, ಕತ್ತೆಗೆ, ಮೇಲಿರುವವನಿಗೆ ಮಾತ್ರ ಗೊತ್ತು.

ಆದ್ದರಿಂದ ಬೀಗದ ಕೈಯನ್ನು ನೂಬಿಯ ಕೈಗೆ ಕೊಟ್ಟು ನೆಮ್ಮದಿಯಾಗಿ ಹಡಗು ಹತ್ತಿ. ಚಿತ್ರಗಾರ ಬದ್ರಿ ಹೊರಗೋಡೆಗೆ ಸುಣ್ಣ ಬಳಿದಾಯಿತು. ನೀವು ಹಾಜಿಯಾಗಿ ಬರುವಷ್ಟರಲ್ಲಿ, ಹಾಜಿಗಳ ಮನೆಗೆಲ್ಲ ಬರೆಯುವ ಹಾಗೆ, ಹಡಗು, ಒಂಟೆ, ನೀವು, ಎಲ್ಲ ಗೋಡೆಯ ಮೇಲೆ ಇರುತ್ತವೆ.

ಫಹೀಮಾ

*

ಕೆನಾ
ಅಲ್ಲ, ಹಡಗಿನ ಮೇಲಿನಿಂದ
2 ಅಕ್ಟೋಬರ್ 1980

ಫಹೀಮಾಗೆ,

ಅಲೆಯ ಹೊಡೆತಕ್ಕೆ ಮೇಲೆ ಊರಿನ ಹೆಸರು ತಪ್ಪಿ ಬಿತ್ತು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ ಕಾಗದ ಸಿಕ್ಕಿತು. ನೂಬಿ ಕಾಗದ ಕೈಗಿಟ್ಟವನೇ ಲಾರಿ ಹತ್ತಿ ಹೊರಟುಬಿಟ್ಟ, ಓದಿ ಮುಗಿಸುವಷ್ಟೂ ನಿಲ್ಲಲಿಲ್ಲ. ಅವನನ್ನು ಕೂಗುತ್ತಾ ಒಂದೆರಡು ಹೆಜ್ಜೆ ಇಟ್ಟೆ, ಆಮೇಲೆ ಬಂದು ಹಡಗು ಹತ್ತಿದೆ. ನಡೆದದ್ದು ಇಷ್ಟೇ. ಬೇರೆ ಯಾರಾದರೂ ಬೇರೆ ಏನಾದರೂ ಹೇಳಿದರೆ ನಂಬಬೇಡ.

ಹಡಗು ದೊಡ್ಡದು. ಕೂರಲು ಬೆಂಚುಗಳಿವೆ. ಚಹಾ ಚೆನ್ನಾಗಿ ಸಿಗುತ್ತದೆ. ರೈಲು ಬಂದಾಗ ಲೋಟಗಳೆಲ್ಲ ಅಲುಗಾಡುತ್ತವೆ. ಅಲೆ ಬಂದಾಗ ಎಂದು ಓದಿಕೋ.

ಬೀಗದ ಕೈ ನನ್ನ ಹತ್ತಿರ ಭದ್ರವಾಗಿದೆ. ಅದು ಸರ್ಕಾರದ್ದು, ಗೇಣುದ್ದದ ಕಬ್ಬಿಣ, ಲಕೋಟೆಗೆ ಹಾಕಿ ಪರದೇಶದ ಅಂಚೆಗೆ ಕೊಡುವುದು ಅಪರಾಧ. ಏನಾದರೂ ದಾರಿ ಯೋಚಿಸುತ್ತೇನೆ. ಪ್ರವಾಸಿಗಳು ಬಂದರೆ "ಗೋರಿ ಮುಚ್ಚಿದೆ" ಎಂದು ಹೇಳಿ ಕಳಿಸು. ಗೋದಲಿಯ ಕಡೆ ಕಣ್ಣೆತ್ತಿಯೂ ನೋಡಬೇಡ.

ನನಗೆ ಬರೆಯುವುದಿದ್ದರೆ ಹೀಗೆ ಬರೆ: ಗಿರ್ಗಿಸ್, ಚಹಾ ಅಂಗಡಿ, ರೈಲು ನಿಲ್ದಾಣದ ಎದುರು, ಕೆನಾ. ಸೈನ್ಯದಲ್ಲಿ ನನ್ನ ಜೊತೆಗಿದ್ದವನು. ಹಜ್ ಯಾತ್ರಿಕರ ಕಾಗದಗಳನ್ನು ಮುಂದಕ್ಕೆ ಕಳಿಸುವ ಕೆಲಸ ಹಚ್ಚಿಕೊಂಡಿದ್ದಾನೆ, ಪಾಪ.

ಶಾಜಲಿ

*

ಗುರ್ನಾ
5 ಅಕ್ಟೋಬರ್ 1980

ಹಮ್ದಾನನ ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ಅಂಚೆಯ ಬರಕಾತ್ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿ ಕೊಟ್ಟ. "ಸಮುದ್ರದಾಗೂ ಕೆನಾದ ಠಸ್ಸೆ ಹೊಡೀತಾರೇನಕ್ಕಾ?" ಎಂದ. "ಹಡಗಿನೋರು ವಾಪಸ್ ಬರ್ವಾಗ ಹಾಕಿರ್ತಾರೆ, ನಿನಗ್ಯಾಕೋ?" ಎಂದೆ. ಸರಿಯಾದ ಉತ್ತರ ತಾನೇ? ಮುಂದಿನ ಸಲ ನೀವೇ ಒಂದು ಉತ್ತರ ಬರೆದು ಕಳಿಸಿ, ನನಗೆ ತಾಪತ್ರಯ ತಪ್ಪುತ್ತದೆ.

ಗಿರ್ಗಿಸ್ ಒಳ್ಳೆಯವನಿರಬೇಕು. ಚರ್ಚಿಗೆ ಹೋಗುವವನು ಹಾಜಿಗಳ ಅಂಚೆ ಹೊರುತ್ತಾನೆಂದರೆ ಅವನಿಗೆ ಎರಡೂ ಕಡೆಯ ಸ್ವರ್ಗದಲ್ಲಿ ಜಾಗ ಖಂಡಿತ.

ಇಲ್ಲಿ ಎಲ್ಲ ಕ್ಷೇಮ. ಮೊನ್ನೆ ಸುಡುಬಿಸಿಲಿನಲ್ಲಿ ಪೋಲೆಂಡಿನ ಒಬ್ಬ ಮುದುಕಿ ಕೋಲೂರಿಕೊಂಡು ಬೆಟ್ಟ ಹತ್ತಿ ಬಂದಳು. ಮುಖ ಕೆಂಪು ಮೂಲಂಗಿ ಆಗಿತ್ತು. ಗೋರಿ ನೋಡಿ ಬಹಳ ಸಂತೋಷಪಟ್ಟಳು. ಮಾರನೆಯ ದಿನ ಅವಳ ಬಸ್ಸಿನವರನ್ನೆಲ್ಲ ಕರೆತಂದಳು. ಅವರೂ ಸಂತೋಷಪಟ್ಟರು.

ಬದ್ರಿ ಕೇಳುತ್ತಿದ್ದಾನೆ, ಹಡಗು ಯಾವ ಬಣ್ಣದ್ದು? ಹತ್ತಿದವರಿಗೆ ಗೊತ್ತಿರಬೇಕಲ್ಲ.

ಫಹೀಮಾ

*

ದೂರದೂರು
9 ಅಕ್ಟೋಬರ್ 1980

ಫಹೀಮಾ,

ಗೋರಿ ನೋಡಿ ಸಂತೋಷಪಟ್ಟಳು ಎಂದರೆ ಏನರ್ಥ? ಹೇಗೆ ನೋಡಿದಳು? ಬೀಗದ ಕೈ ಇಗೋ ಇಲ್ಲಿ ನನ್ನ ಎದೆಯ ಮೇಲೆ ತಣ್ಣಗೆ ಮಲಗಿದೆ! ಮುದುಕಿ ಬಾಗಿಲ ಸರಳಿನ ಸಂದಿಯಿಂದ ಇಣುಕಿದಳೇ? ಹಾಗಾದರೆ ಸರಿ. ಬೇರೆ ಹೇಗಾದರೂ ಆಗಿದ್ದರೆ ಬರೆಯಬೇಡ, ನನ್ನ ಎದೆ ಗಟ್ಟಿಯಿಲ್ಲ.

ಹಡಗು ಬಿಳಿ ಬಣ್ಣದ್ದು. ನೀಲಿಯೂ ಇದ್ದಿರಬಹುದು. ದೂರದಿಂದ ಸರಿಯಾಗಿ ಕಾಣಲಿಲ್ಲ.

ಇಲ್ಲಿ ಹೊತ್ತು ಹೋಗುವುದಿಲ್ಲ. ಹತ್ತಿರದಲ್ಲೇ ಹಳೆಯ ದೊಡ್ಡ ಕಟ್ಟಡವೊಂದಿದೆ, ನೋಡಲು ಹೋಗಿದ್ದೆ. ಒಂದೊಂದು ಕಂಬ ನಾಲ್ಕಾಳು ತಬ್ಬಿದರೂ ಸಾಲದು. ಮೇಲ್ಚಾವಣಿ ನೀಲಿ, ತುಂಬ ನಕ್ಷತ್ರ, ಒಂದಿಷ್ಟು ಬಾವಲಿ. ಅಲ್ಲಿನ ಕಾವಲುಗಾರ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದ. ಆಮೇಲೆ ಸುತ್ತಮುತ್ತ ನೋಡಿ, ಕಿವಿಯ ಹತ್ತಿರ ಬಂದು, "ಈ ಕೋಣೇನ ನಾನ್ ಯಾರಿಗೂ ತೋರ್ಸಲ್ಲ, ನಿಮ್ಮ ಮುಖ ನೋಡಿ ತೋರಿಸ್ತಾ ಇದೀನಿ" ಎಂದ. ಫಹೀಮಾ, ಮೂವತ್ತು ವರ್ಷ ಆ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿಲ್ಲ! ಆದರೂ ನನ್ನ ಮುಖದಲ್ಲಿ ಏನೋ ವಿಶೇಷ ಇದ್ದೀತು ಅನ್ನಿಸಿ ಉಬ್ಬಿಹೋದೆ. ಕೈ ತಾನಾಗಿ ಜೇಬಿಗೆ ಹೋಯಿತು. ನೋಡುವವನ ಜಾಗದಲ್ಲಿ ನಿಂತಾಗಲೇ ಗೊತ್ತಾಗುವುದು, ನಾವೆಂಥ ಕಿಲಾಡಿಗಳು ಎಂದು.

ಪ್ರವಾಸಿಗಳು ಸರಳಿನಿಂದ ಇಣುಕುವುದಿದ್ದರೆ ಇಣುಕಲಿ. ಒಳಗೆ ಬಿಡಲೇಬೇಡ. ಎರಡನೇ ಕೋಣೆಯ ತಗ್ಗು ಬಾಗಿಲಿಗೆ ಹಣೆ ಚಚ್ಚಿಕೊಳ್ಳದ ಹೊಸಬ ಇನ್ನೂ ಹುಟ್ಟಿಲ್ಲ, ಆಮೇಲೆ ಆ ಗಲಾಟೆ ಬೇರೆ.

ಶಾಜಲಿ

*

ಗುರ್ನಾ
12 ಅಕ್ಟೋಬರ್ 1980

ಹಮ್ದಾನನ ಅಪ್ಪನಿಗೆ,

ದೂರದೂರಿನಿಂದ ಮೂರೇ ದಿನಕ್ಕೆ ಕಾಗದ! ಅಂಚೆಯವರಿಗೂ ಹಜ್ಜಿನ ಪುಣ್ಯ ತಟ್ಟಿದೆ. ನಕ್ಷತ್ರದ ಚಾವಣಿಯ ವಿಷಯವನ್ನು ಮಸೀದಿಯ ಶೇಖ್‌ಗೆ ಹೇಳಿದೆ. ಅವರು ಎರಡು ಸಲ ಹಜ್ ಮಾಡಿ ಬಂದವರು. "ಬಾವಲಿ ಎಲ್ಲಿತ್ತಮ್ಮಾ?" ಎಂದು ಗಡ್ಡ ನೀವಿಕೊಂಡರು. "ಇವರ ಕಣ್ಣಿಗೆ ಹಾಗೆ ಕಂಡಿರ್ಬೇಕು" ಎಂದೆ.

ನಿಮ್ಮ ಎದೆ ಗಟ್ಟಿ ಮಾಡಿಕೊಳ್ಳಿ. ಹೌದು, ಗೋದಲಿಯ ಹಿಂದಿನ ಕಲ್ಲು ಸರಿಸಿದ್ದೇನೆ.

ಆ ಮುದುಕಿ ಬಾಗಿಲ ಮುಂದೆ ಕುಸಿದು ಕುಳಿತು ಅಳುತ್ತಿದ್ದಳು. ಗಂಡ ಬದುಕಿದ್ದಾಗ ಇಬ್ಬರೂ ಒಟ್ಟಿಗೆ ಬರಬೇಕೆಂದಿದ್ದರಂತೆ. ಅವನು ಹೋದ, ಇವಳೊಬ್ಬಳೇ ಬಂದಳು. ಇದನ್ನು ಅವಳ ಜೊತೆ ಬಂದಿದ್ದ ಗೈಡು ಹುಡುಗಿ ಹೇಳಿದ ಮೇಲೆ ನಾನು ಹೇಗೆ "ಮುಚ್ಚಿದೆ, ಹೋಗಿ ಬಾ" ಎನ್ನಲಿ? ಕತ್ತೆಯನ್ನು ಪಕ್ಕಕ್ಕೆ ತಳ್ಳಿ ಕಿಂಡಿಯಿಂದ ಇಳಿಸಿದೆ. ಅವಳು ಕತ್ತೆಗೊಂದು ಮುತ್ತು ಕೊಟ್ಟು ಹೋದಳು. ಈಗ ದಿನವೂ ಬರುತ್ತಾರೆ. ಒಲೆಯ ಪಕ್ಕದಲ್ಲೇ ದಾರಿಯಲ್ಲವೇ, ಬಿಸಿಲಲ್ಲಿಟ್ಟು ಹಿಟ್ಟು ಉಬ್ಬಿಸಿದ ರೊಟ್ಟಿ ಬೇಯುತ್ತಿರುತ್ತದೆ, ತಿನ್ನದೆ ಯಾರೂ ಇಳಿಯುವುದಿಲ್ಲ.

ನಾನೇ ವಿವರಿಸುತ್ತೇನೆ, ಗೈಡು ಹುಡುಗಿ ಅವರ ಭಾಷೆಗೆ ತಿರುಗಿಸುತ್ತಾಳೆ. ನೀವು ಆ ಗೋರಿಯ ದೊಡ್ಡ ಮನುಷ್ಯನ ಪದವಿಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಿರಿ, ಜನ ಆಕಳಿಸುತ್ತಿದ್ದರು. ನಾನು ಗಂಡ ಹೆಂಡತಿ ಪಕ್ಕ ಪಕ್ಕ ಕೂತ ಚಿತ್ರದ ಮುಂದೆ ನಿಲ್ಲಿಸುತ್ತೇನೆ. "ನೋಡ್ರಮ್ಮಾ, ಇವಳು ಗಂಡನ ಹೆಗಲ ಮೇಲೆ ಕೈ ಹಾಕಿರೋದು ಬರೀ ಪ್ರೀತಿಗಲ್ಲ. ಇವನು ಎದ್ದು ಎಲ್ಲಾದ್ರೂ ಹೊರಟುಬಿಟ್ಟಾನು ಅಂತ ಹಿಡ್ಕೊಂಡಿದಾಳೆ. ಮೂರು ಸಾವಿರ ವರ್ಷದಿಂದ ಬಿಟ್ಟಿಲ್ಲ!" ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಗಂಡಸರು ಚಾವಣಿ ನೋಡುತ್ತಾರೆ.

ಆದರೆ ಇಪ್ಪತ್ತೈದನೇ ತಾರೀಖು ಹತ್ತಿರ ಬರುತ್ತಿದೆ. ಊರಿನ ಹಾಜಿಗಳು ಹಿಂದಿರುಗುವುದು ನವೆಂಬರಿಗೆ. ವಗೀಹ್ ಸಾಹೇಬರನ್ನು ಕತ್ತೆಯ ಕೊಟ್ಟಿಗೆಯಿಂದ ಇಳಿಸಲಾಗುವುದಿಲ್ಲ. ಬೀಗದ ಕೈ ಬೇಕು. ನಿಮ್ಮ ಕಾಗದ ಬರುವ ದಾರಿಯಲ್ಲೇ ಅದೂ ಬರಲಾರದೇ?

ಫಹೀಮಾ

*

ಅಲ್ಲೇ
18 ಅಕ್ಟೋಬರ್ 1980

ಹಮ್ದಾನನ ಅಮ್ಮನಿಗೆ,

ನಿನ್ನ ಕಾಗದ ಓದಿ ಗಿರ್ಗಿಸ್‌ನ, ಅಂದರೆ ಹಡಗಿನ, ಎರಡು ಲೋಟ ಒಡೆದೆ. ನಮ್ಮ ಅಜ್ಜ ಮುಚ್ಚಿದ ಕಿಂಡಿ! ಅಪ್ಪ ಸಾಯುವಾಗಲೂ ನನ್ನ ಕಿವಿಯಲ್ಲಿ ಹೇಳಿದ್ದು ದೇವರ ಹೆಸರಿನ ಕಲಿಮಾ ಅಲ್ಲ, "ಗೋದಲಿ ಹುಷಾರು" ಎಂದು. ನೀನು ಅದರೊಳಗೆ ಪೋಲೆಂಡನ್ನೇ ನುಗ್ಗಿಸಿದೆಯಲ್ಲಾ! ಆ ದೊಡ್ಡ ಮನುಷ್ಯನ ಮರ್ಯಾದೆಯನ್ನಾದರೂ ನೋಡಬೇಡವೇ? ರಾಜನ ಕಣಜಗಳನ್ನು ಕಾಯ್ದವನು, ಓಡಿಹೋಗುವವನೆಂದು ಪರದೇಶದವರ ಮುಂದೆ ಹೇಳುವುದೇ?

ಆ ಮಾತನ್ನು ನನಗೆಂದೇ ಬರೆದೆಯೋ ಏನೋ ಎಂದು ಬಹಳ ಹೊತ್ತು ಯೋಚಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ.

ನನಗೀಗ ಅತ್ತ ದರಿ, ಇತ್ತ ಪುಲಿ. ಬೀಗದ ಕೈ ಬರಬೇಕಾದರೆ ಅದನ್ನು ಹೊತ್ತವನೂ ಬರಬೇಕು. ಹೊತ್ತವನು ಹಾಜಿಗಳಿಗಿಂತ ಮೊದಲೇ ಊರಿಗೆ ಕಾಲಿಟ್ಟರೆ ಊರು ಏನನ್ನುತ್ತದೆ? ನೀನು ಹೆಂಗಸು, ನಿನಗೆ ತಿಳಿಯದು. ಡೋಲಿನವರು ಬಸ್ಸಿನ ಹಿಂದೆ ಎಷ್ಟು ದೂರ ಓಡಿ ಬಂದರು ನೋಡಿದೆಯಲ್ಲ. ಸಾಲದ್ದಕ್ಕೆ ಗೋಡೆಯ ಮೇಲೆ ಬಣ್ಣವೂ ಬಿದ್ದಿದೆ.

ನಾಳೆ ಹಬ್ಬ. ಗಿರ್ಗಿಸ್‌ನ ಹೆಂಡತಿ ನನಗೆಂದು ಮುಲೂಖಿಯಾ ಸೊಪ್ಪಿನ ಸಾರು ಮಾಡುತ್ತಾಳಂತೆ. ನಿನ್ನದರ ಹಾಗೆ ಇರುವುದಿಲ್ಲ. ಇಷ್ಟು ವರ್ಷಗಳಲ್ಲಿ ನೀನಿಲ್ಲದೆ ಹಬ್ಬ ಮಾಡಿದ್ದೇ ಇಲ್ಲ. ಇವತ್ತು ಮತ್ತೆ ಆ ದೊಡ್ಡ ಕಂಬಗಳ ಕಟ್ಟಡಕ್ಕೆ ಹೋಗಿ ಸುಮ್ಮನೆ ನೆರಳಲ್ಲಿ ಕೂತು ಬಂದೆ. ಕಾವಲುಗಾರ ಗುರುತು ಹಿಡಿದು, ಯಾರಿಗೂ ತೋರಿಸದ ಕೋಣೆಯನ್ನು ಮೂರನೇ ಸಲ ತೋರಿಸಿದ.

ಬೀಗದ ಕೈ ಬರುತ್ತದೆ. ಹೇಗೆ ಬಂತೆಂದು ಆಶ್ಚರ್ಯಪಡಬೇಡ, ಯಾರನ್ನೂ ಕೇಳಬೇಡ. ಅಲ್ಲಾಹನ ಕೃಪೆ ಎಂದುಕೋ.

ಶಾಜಲಿ

*

ಗುರ್ನಾ
26 ಅಕ್ಟೋಬರ್ 1980

ಹಮ್ದಾನನ ಅಪ್ಪನಿಗೆ,

ಅಲ್ಲಾಹನ ಕೃಪೆ ಗುರುವಾರ ಬಂತು. ತಲೆಗೆ ಹುಲ್ಲಿನ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಮೊಣಕಾಲು ಕಾಣುವ ಚಡ್ಡಿ, ಕಾಲಿಗೆ ಕಾಲುಚೀಲ ಹಾಕಿ ಅದರ ಮೇಲೆ ಪ್ಲಾಸ್ಟಿಕ್ ಚಪ್ಪಲಿ. ಬಸ್ಸಿನ ಪರದೇಶದವರ ನಡುವೆ ನಿಂತಿತ್ತು. ಯಾವ ದೇಶದವರು ಎಂದು ಗೈಡು ಹುಡುಗಿ ಕೇಳಿದರೆ ಕೆಮ್ಮುತ್ತಿತ್ತು.

ನಾನು ನೋಡಿಯೂ ನೋಡದ ಹಾಗೆ ಇದ್ದೆ. ಆದರೆ ನಮ್ಮ ಕತ್ತೆಗೆ ಅಷ್ಟು ಜಾಣತನ ಎಲ್ಲಿಂದ ಬರಬೇಕು? ಕಂಡದ್ದೇ ತಡ ಕಿರುಚಿಕೊಂಡು, ಹಗ್ಗ ಕಿತ್ತುಕೊಂಡು ಹೋಗಿ, ಆ ಗೃಹಸ್ಥನ ಕುತ್ತಿಗೆಗೆ ಮೂತಿ ಇಟ್ಟು ಉಜ್ಜಿತು. ಆಮೇಲೆ ಅವನ ಟೋಪಿಯ ಅಂಚನ್ನು ನೆಮ್ಮದಿಯಾಗಿ ತಿಂದಿತು. ಎಲ್ಲರೂ ಫೋಟೋ ತೆಗೆದರು. ಎರಡನೇ ಕೋಣೆಗೆ ಹೋಗುವಾಗ ತಗ್ಗು ಬಾಗಿಲಿಗೆ ಒಬ್ಬೊಬ್ಬರೂ ಸಾಲಾಗಿ ಹಣೆ ಚಚ್ಚಿಕೊಂಡರು. ಈ ಮಹಾನುಭಾವ ಮಾತ್ರ ಕತ್ತಲಲ್ಲಿ, ಕಪ್ಪು ಕನ್ನಡಕದಲ್ಲಿ, ತಾನಾಗಿ ತಲೆ ತಗ್ಗಿಸಿ ದಾಟಿಹೋದ! ಹಣೆ ಚಚ್ಚಿಕೊಳ್ಳದ ಹೊಸಬ ಹುಟ್ಟಿಲ್ಲ ಎಂದು ಬರೆದವರು ಯಾರಪ್ಪಾ?

ಗಂಡ ಹೆಂಡತಿಯ ಚಿತ್ರದ ಹತ್ತಿರ ನನ್ನ ಮಾತು ಹೇಳಿದೆ. ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ. ಎಲ್ಲರೂ ಹೊರಟ ಮೇಲೂ ಅಲ್ಲೇ ನಿಂತಿದ್ದ. ಹೊರಗೆ ಬಂದು ನೋಡಿದರೆ ರೊಟ್ಟಿಯ ತಟ್ಟೆಯ ಕೆಳಗೆ ಬೀಗದ ಕೈ, ಬೆವರಿನಿಂದ ಒದ್ದೆಯಾಗಿತ್ತು. ಬಸ್ಸು ಇಳಿಜಾರಿನಲ್ಲಿ ಹೋಗುವುದನ್ನು ನೋಡುತ್ತಾ ನಿಂತೆ. ಕೂಗಿಬಿಡೋಣ ಎಂದು ಬಾಯಿಯವರೆಗೆ ಬಂದಿತ್ತು.

ನಿನ್ನೆ ತಪಾಸಣೆ ಮುಗಿಯಿತು. ಕಬ್ಬಿಣದ ಬಾಗಿಲು ಮೊದಲನೇ ತಿರುವಿಗೇ ತೆರೆಯಿತು. ಕಿಂಡಿಗೆ ಕಲ್ಲು ಮುಚ್ಚಿ, ಮೇವು ಒಟ್ಟಿ, ಕತ್ತೆಯನ್ನು ಅಡ್ಡ ನಿಲ್ಲಿಸಿದ್ದೆ. ವಗೀಹ್ ಸಾಹೇಬರು ಒಳಗೆ ಬಂದು, ಹಣೆ ಚಚ್ಚಿಕೊಂಡು, ಚಿತ್ರ ನೋಡುತ್ತಾ ನಿಂತಾಗ ಗೋಡೆಯೊಳಗಿನಿಂದ ಕತ್ತೆ ಕೂಗಿತು.

"ಏನಮ್ಮಾ ಅದು?" ಎಂದರು.

"ಈ ದೊಡ್ಡ ಮನುಷ್ಯರು ಕತ್ತೆ ಸಾಕಿದ್ರು ಸಾಹೇಬ್ರೇ. ಅಗೋ, ಆ ಗೋಡೆ ಮೇಲೆ ಕಾಳು ಹೊರ್ತಾ ಇದೆ ನೋಡಿ" ಎಂದೆ.

ಅವರು ಮೂಗೆಳೆದರು. "ರೊಟ್ಟಿ ವಾಸನೆ?"

"ಇವರ ಹೆಂಡತಿ ರೊಟ್ಟಿ ಸುಡ್ತಾ ಇದ್ದಳಲ್ಲ, ಅದೂ ಇದೆ ಗೋಡೆ ಮೇಲೆ."

ಸಾಹೇಬರು ನನ್ನನ್ನೇ ನೋಡಿದರು. ಆಮೇಲೆ, "ಬಿಸಿ ಇದ್ರೆ ಒಂದು ಕೊಡಮ್ಮಾ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದರು. ಮೂರು ರೊಟ್ಟಿ, ಹಳೆಯ ಚೀಸು, ಈರುಳ್ಳಿ ತಿಂದರು. ಬಾಗಿಲು, ಬೀಗ, ಗೋಡೆ ಎಲ್ಲ ಸರಿಯಿದೆ ಎಂದು ಬರೆದರು. ಹೋಗುವಾಗ ಮೆಲ್ಲಗೆ, "ಆ ಸತ್ತ ಕತ್ತೆಗೆ ಇನ್ನೂ ಸ್ವಲ್ಪ ಮೇವು ಹಾಕಿ" ಎಂದರು. ಮನೆ ಉಳಿಯಿತು. ಕೆಲಸವೂ ಉಳಿಯಿತು.

ಈಗ ಕೇಳಿ. ಊರು ಏನನ್ನುತ್ತದೋ ಎಂದು ಹೆದರಿ ಗಿರ್ಗಿಸ್‌ನ ಚಹಾ ಅಂಗಡಿಯ ಬೆಂಚಿನ ಮೇಲೆ ಮಲಗಿದ್ದೀರಲ್ಲ, ಊರಿಗೆ ಮೊದಲ ದಿನದಿಂದಲೇ ಗೊತ್ತು! ನೂಬಿ ಬಂದವನೇ ಹೇಳಿದ, "ಅಕ್ಕಾ, ಕನ್ನಡೀಲಿ ನೋಡಿದ್ರೆ ಧೂಳಿನ ನಡುವೆ ಯಾರೋ ಮುದುಕ ನಿಲುವಂಗಿ ಎತ್ತಿಕಟ್ಟಿ ಲಾರಿ ಹಿಂದೆ ಓಡಿ ಬರ್ತಿದ್ದ. ಪುಕ್ಕಟೆ ಹತ್ತೋಕೆ ಬರ್ತಾವನೆ ಅಂತ ನಾನು ಇನ್ನೂ ಜೋರು ಬಿಟ್ಟೆ. ಆಮೇಲೆ ಅವನೇ ಇನ್ನೊಂದು ಗಾಡಿ ಹತ್ಕೊಂಡು ಬೆನ್ನು ಬಿದ್ದ, ಕೆನಾವರೆಗೂ ಬಂದ, ನಾನು ಸಿಗಲೇ ಇಲ್ಲ." ಹೇಳುತ್ತಾ ಹೇಳುತ್ತಾ ಆ ಮುದುಕ ಯಾರೆಂದು ಅವನಿಗೇ ಹೊಳೆದು ತಲೆ ಮೇಲೆ ಕೈ ಹೊತ್ತುಕೊಂಡ. ಮಿಕ್ಕದ್ದನ್ನು ಬರಕಾತ್ ಠಸ್ಸೆ ನೋಡಿ ಪೂರೈಸಿದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಕುಡಿದವರು ನೀವೊಬ್ಬರೇ. ಯಾರೂ ನಿಮ್ಮನ್ನು ಆಡಿಕೊಳ್ಳಲಿಲ್ಲ. ಸ್ವಲ್ಪ ಆಡಿಕೊಂಡರು ಎನ್ನಿ. ಆದರೆ ಶೇಖ್ ಹೇಳಿದರು, "ಮನೆ ಉಳಿಸೋಕೆ ಹಡಗನ್ನೇ ಬಿಟ್ಟುಕೊಟ್ಟವನು ಅವನು. ಹಜ್ಜಿನ ಕರೆ ಮತ್ತೆ ಬರುತ್ತೆ." ಒಂದು ಮಾತು ಹೇಳಲೇಬೇಕು. ನಿಮ್ಮ ಅಷ್ಟು ಸುಳ್ಳುಗಳಲ್ಲಿ ಮೆಕ್ಕಾ ಎಂಬ ಹೆಸರನ್ನು ಒಂದು ಸಲವೂ ಬರೆಯಲಿಲ್ಲ. ಅದಕ್ಕೆ ಸುಳ್ಳು ಬಳಿಯಲು ನಿಮಗೆ ಕೈ ಬರಲಿಲ್ಲ. ಅದು ಗೊತ್ತಾಗಿಯೇ ನಾನು ಇಷ್ಟು ದಿನ ಆಟ ಆಡಿದೆ.

ನನಗೆ ಸಿಟ್ಟಿರಲಿಲ್ಲವೆಂದಲ್ಲ. ಹೊರಡುವಾಗ ನೀವು ಎಲ್ಲರನ್ನೂ ಕೇಳಿದಿರಿ, ನಿನಗೇನು ತರಲಿ, ನಿನಗೇನು ತರಲಿ ಎಂದು. "ನೀನೂ ಬರ್ತೀಯಾ ಫಹೀಮಾ?" ಎಂದು ನನ್ನೊಬ್ಬಳನ್ನು ಕೇಳಲಿಲ್ಲ. ಬರಲಾಗುತ್ತಿರಲಿಲ್ಲ, ಅದು ಬೇರೆ. ಕೇಳಬಹುದಿತ್ತು. ಆ ಪೋಲೆಂಡಿನ ಮುದುಕಿಯನ್ನು ಕಂಡು ನನಗೆ ಅಳು ಬಂದದ್ದು ಅವಳಿಗಾಗಿ ಮಾತ್ರವಲ್ಲ.

ಗೋಡೆಯ ಚಿತ್ರ ಮುಗಿದಿದೆ. ಬದ್ರಿ ಸುಳ್ಳು ಚಿತ್ರ ಬರೆಯುವುದಿಲ್ಲ ಎಂದು ಹಟ ಹಿಡಿದ, ನಾನೂ ಹೂಂ ಎಂದೆ. ಒಂದು ಕಡೆ ಬಿಳಿ ಹಡಗು, ಇನ್ನೊಂದು ಕಡೆ ನೂಬಿಯ ಲಾರಿ, ನಡುವೆ ಬೀಗದ ಕೈ ಎತ್ತಿಕೊಂಡು ಓಡುತ್ತಿರುವ ನೀವು. ಮುಖ ಪಕ್ಕಕ್ಕೆ, ಎದೆ ಮುಂದಕ್ಕೆ, ಕೆಳಗೆ ಗೋರಿಯಲ್ಲಿರುವ ದೊಡ್ಡ ಮನುಷ್ಯನ ಹಾಗೆಯೇ. ಪ್ರವಾಸಿಗಳು ಈಗ ಗೋರಿಗಿಂತ ಮೊದಲು ಇದರ ಫೋಟೋ ತೆಗೆಯುತ್ತಾರೆ. ನಿಮ್ಮ ಹಿಂದೆ ಬದ್ರಿ ನನ್ನನ್ನೂ ಬರೆದಿದ್ದಾನೆ. ನನ್ನ ಕೈ ಎಲ್ಲಿದೆ ಎಂದು ಬಂದು ನೋಡಿ.

ಮುಲೂಖಿಯಾ ಸೊಪ್ಪು ಬಿಡಿಸಿ ಇಟ್ಟಿದ್ದೇನೆ. ಚಡ್ಡಿ ಹಾಕಿಕೊಂಡು ಬರಬೇಡಿ.

ಫಹೀಮಾ

*

ಕೆನಾ
ಹೌದು, ಕೆನಾ
28 ಅಕ್ಟೋಬರ್ 1980

ಫಹೀಮಾ,

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಡೋಲಿನವರಿಗೆ ಹೇಳಬೇಡ. ಮುಂಬಾಗಿಲಲ್ಲಿ ಊರೆಲ್ಲ ನಿಂತಿರುತ್ತದೆ, ನನಗೆ ನಾಚಿಕೆ. ಗೋರಿಯ ಬಾಗಿಲು ತೆಗೆದಿಡು, ನಾನು ಕಿಂಡಿಯಿಂದ ಮನೆಗೆ ಹತ್ತಿ ಬರುತ್ತೇನೆ. ಕತ್ತೆಯನ್ನು ಹಿಡಿದುಕೋ. ಬೀಗದ ಕೈ ಇನ್ನು ನಿನ್ನ ಕೊರಳಲ್ಲೇ ಇರಲಿ, ನನ್ನ ಕುತ್ತಿಗೆಗೆ ಈಗ ಅಭ್ಯಾಸ ತಪ್ಪಿದೆ.

ಅವತ್ತು ಕೇಳಲಿಲ್ಲ. ಈಗ ಕೇಳುತ್ತೇನೆ. ನಮಗೆ ಕರೆ ಬಂದ ವರ್ಷ ನೀನೂ ಬರುತ್ತೀಯಾ? ಹಡಗು ನೀನು ಮೊದಲು ಹತ್ತು, ನಾನು ಹಿಂದೆ ಹತ್ತುತ್ತೇನೆ.

ಬದ್ರಿ ಬಣ್ಣದ ಡಬ್ಬಿ ಮುಚ್ಚುವ ಮೊದಲು ಒಂದು ಸಲ ನೋಡಿ ಹೇಳಲಿ. ಗೋಡೆಯ ಮೇಲಿನ ಆ ಹಡಗಿನಲ್ಲಿ ಇಬ್ಬರು ಕೂರುವಷ್ಟು ಜಾಗ ಇದೆಯೇ? ಇಲ್ಲದಿದ್ದರೆ ಹಡಗನ್ನು ಸ್ವಲ್ಪ ದೊಡ್ಡದು ಮಾಡಿಸು.

ಶಾಜಲಿ